ಸರ್ವಾನುಮತ

"ಇಳಿಸೇ ಕೈನ! ನಿಮ್ಮಪ್ಪನ ಮನೆ ಯಂತ್ರ ಅಂದ್ಕೊಂಡ್ಯಾ?"

ಮೇಸ್ತ್ರಿ ಕೂಗಿದ್ದು ಕೇಳಿಸುವ ಜಾಗವಲ್ಲ ಅದು. ಅವನ ಬಾಯಿ ಅಷ್ಟು ಅಗಲ ತೆರೆದರೆ ಒಳಗಿಂದ ಏನು ಬರುತ್ತದೆಂದು ನಮಗೆಲ್ಲ ಗೊತ್ತಿತ್ತು, ಅಷ್ಟೆ. ಅತ್ತಿಗೆ ಕೈ ಇಳಿಸಲಿಲ್ಲ. ಅವಳನ್ನು ನೋಡಿ ನಾನು ಎತ್ತಿದೆ. ನನ್ನನ್ನು ನೋಡಿ ಸುಣ್ಣದ ತೊಟ್ಟಿಯ ಹೆಂಗಸರು ಎತ್ತಿದರು. ಅವರನ್ನು ನೋಡಿ, ದೂರದಲ್ಲಿ ಯಂತ್ರ ತಿರುಗಿಸುವ ಪಟ್ಟಿಯ ಹತ್ತಿರ ನಿಂತಿದ್ದವನು ಸನ್ನೆಗೋಲು ಜಗ್ಗಿದ. ಮೂರನೇ ಪೀಪಾಯಿ ಒಂದೂವರೆ ಸುತ್ತು ಉರುಳಿ ನಿಂತಿತು.

ತೊಗಲು ಹದ ಮಾಡುವ ಆ ಕಾರ್ಖಾನೆಯಲ್ಲಿ ಅಂಥ ಆರು ಮರದ ಪೀಪಾಯಿಗಳಿದ್ದವು. ಒಂದೊಂದೂ ನಮ್ಮ ಮನೆಯಷ್ಟು ದೊಡ್ಡದು. ತೊಗಲು, ನೀರು, ಔಷಧಿ ತುಂಬಿಕೊಂಡು ಹಗಲಿಡೀ ಉರುಳುತ್ತಿದ್ದವು. ಹತ್ತು ವರ್ಷ ಅಲ್ಲಿ ದುಡಿದವರ ಕಿವಿ ಅರ್ಧ ಹೋಗಿರುತ್ತದೆ. ಹಾಗಾಗಿ ನಮ್ಮ ಮಾತೆಲ್ಲ ಕೈಯಲ್ಲಿ. ಎರಡು ಬೆರಳು ಹೊಟ್ಟೆಗೆ ತಟ್ಟಿದರೆ ಬುತ್ತಿಯ ಹೊತ್ತು. ಮುಷ್ಟಿ ಕಟ್ಟಿ ಕೆಳಗೆ ಎಳೆದರೆ ಸುಣ್ಣ ತಾ. ಕಿರುಬೆರಳು ಅಂದರೆ ಉಚ್ಚೆ. ಅಂಗೈ ಅಗಲಿಸಿ ತಲೆಯ ಮೇಲೆ ಎತ್ತಿದರೆ, ನಿಲ್ಲಿಸು. ಒಬ್ಬರು ಎತ್ತಿದ್ದನ್ನು ಕಂಡವರೆಲ್ಲ ಎತ್ತಬೇಕು, ಪಟ್ಟಿಯವನಿಗೆ ಕಾಣುವ ತನಕ. ಯಾಕೆ ಎಂದು ಕೇಳುವುದು ಆಮೇಲೆ.

ಪಕ್ಕದ ಮನೆಯ ಮುದುಕಿಯ ಅಂಗಿಯ ತೋಳು ಹಲ್ಲುಚಕ್ರಕ್ಕೆ ಸಿಕ್ಕಿಕೊಂಡಿತ್ತು. ಮೊಣಕೈಗೆ ಇನ್ನು ನಾಲ್ಕು ಬೆರಳು ದೂರ. ಸದ್ದು ನಿಂತ ಮೇಲೆ ಮೇಸ್ತ್ರಿಯ ಬಾಯಿಯಲ್ಲಿ ಉಳಿದದ್ದು ನಮ್ಮ ಕಿವಿಗೆ ಬಿತ್ತು.

"...ಸೂಳೆ ಮುಂಡೆ! ಒಳಗಿರೋ ಸರಕು ಕೆಟ್ಟರೆ ನಿನ್ನ ತೊಗಲು ಸುಲಿದು ಹಾಕ್ತೀನಿ ನೋಡು ಅದಕ್ಕೆ!"

ಅತ್ತಿಗೆ ಮುದುಕಿಯ ತೋಳು ಬಿಡಿಸುತ್ತಲೇ ಹೇಳಿದಳು: "ನಂದು ತಗೊಂಡು ಏನ್ ಮಾಡ್ತೀಯೋ? ಸುಣ್ಣ ತಿಂದು ತೂತಾಗಿದೆ. ಚಪ್ಪಲಿಗೂ ಆಗಲ್ಲ."

ಮುದುಕಿಯೇ ಮೊದಲು ನಕ್ಕದ್ದು.

ಅತ್ತಿಗೆ ನನ್ನ ಅಣ್ಣನ ಹೆಂಡತಿ. ಅಣ್ಣ ಸತ್ತ ಮೇಲೂ ನಮ್ಮ ಮನೆ ಬಿಡಲಿಲ್ಲ. ಒಂದು ಕೋಣೆಯಲ್ಲಿ ಅವ್ವ, ಅವಳು, ನಾನು. ಮೂವರೂ ತೊಗಲು ಹೆರೆಯುವ ಕೆಲಸಕ್ಕೆ ಹೋಗುತ್ತಿದ್ದೆವು. ಅಲ್ಲೂ ಅತ್ತಿಗೆ, ನಾನು ಜೋಡಿ. ನೆನೆದ ತೊಗಲನ್ನು ಒಬ್ಬರೇ ಎತ್ತಲು ಆಗುವುದಿಲ್ಲ. ಕುತ್ತಿಗೆಯ ಕಡೆ ಅವಳು, ಬಾಲದ ಕಡೆ ನಾನು. ಮರದ ದಿಮ್ಮಿಯ ಮೇಲೆ ಹಾಸಿ, ಎರಡು ಹಿಡಿಯ ಬಾಗುಕತ್ತಿಯಿಂದ ಒಳಮೈಯ ಮಾಂಸ ಹೆರೆಯಬೇಕು. ಹೆರೆದದ್ದು ಕಾಲ ಮೇಲೆ ಬೀಳುತ್ತದೆ. ಬೇಸಿಗೆಯಲ್ಲಿ ಅದರಲ್ಲಿ ಹುಳ ಇರುತ್ತದೆ. ಕೇರಿಯಲ್ಲಿ ಅವಳನ್ನು ಸುಣ್ಣದಕ್ಕ ಎನ್ನುತ್ತಿದ್ದರು, ಹನ್ನೊಂದು ವರ್ಷ ಸುಣ್ಣದ ತೊಟ್ಟಿಯಲ್ಲಿ ಮೊಣಕಾಲುದ್ದ ನಿಂತಿದ್ದಕ್ಕೆ.

ಅವಳನ್ನು ಪುರಸಭೆಗೆ ನಿಲ್ಲಿಸಿದ್ದು ಕಾರ್ಖಾನೆಯ ಸಾಹುಕಾರ. ಸಭೆಯಲ್ಲಿ ಒಬ್ಬ ಹೆಂಗಸಾದರೂ ಇರಬೇಕೆಂದು ಆ ವರ್ಷ ಕಾನೂನು ಬಂದಿತ್ತು. ಆ ಊರು ಹುಟ್ಟಿದಂದಿನಿಂದ ಆ ಕಟ್ಟಡದೊಳಗೆ ಕಸಬರಿಕೆ ಇಲ್ಲದೆ ಒಬ್ಬ ಹೆಂಗಸೂ ಕಾಲಿಟ್ಟಿರಲಿಲ್ಲ.

ಸಾಹುಕಾರ ಕಾರ್ಖಾನೆಯೊಳಗೆ ಬರುವವನಲ್ಲ. ಗೇಟಿನಾಚೆ ಕಾರಿನಲ್ಲಿ ಕೂತು, ಕಿಟಕಿಯ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ, ಅದರೊಳಗಿಂದ ಮಾತಾಡುತ್ತಿದ್ದ. ಅತ್ತಿಗೆಯನ್ನು ಕರೆಸಿದ. ನಾನೂ ಹಿಂದೆ ಹೋದೆ.

"ದೂರ ನಿಂತ್ಕೊಂಡು ಕೇಳು. ನಿನ್ನ ಚುನಾವಣೆಗೆ ನಿಲ್ಲಿಸ್ತಿದೀನಿ."

"ನನ್ನನ್ನಾ? ಯಾಕೆ ಸ್ವಾಮಿ?"

"ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳು ಹತ್ತೊಂಬತ್ತು ಗಂಡಸರ ಮಧ್ಯೆ ಕೂರ್ತಾರೇನೇ? ನಿಂಗಾದ್ರೆ ಕೂತ್ರೆ ಹೋಗೋದೇನಿದೆ?"

"ಕೂತು ಏನ್ ಮಾಡ್ಬೇಕು?"

"ಏನೂ ಮಾಡ್ಬಾರ್ದು. ಅದಕ್ಕೇ ನಿನ್ನ ಆರಿಸಿರೋದು."

"ನಮ್ಮ ಕೇರಿಗೊಂದು ನಲ್ಲಿ ಕೇಳ್ಬಹುದಾ?"

ಗಾಜು ಎರಡು ಬೆರಳು ಮೇಲೇರಿತು. "ಕೇಳು. ಕೇಳೋಕೇನು, ನಾಯಿನೂ ಬೊಗಳತ್ತೆ."

ಗೆದ್ದಳು. ಎದುರು ನಿಲ್ಲುವವರೇ ಇರಲಿಲ್ಲ.

ಸಭಾಂಗಣದಲ್ಲಿ ಲಾಳದ ಆಕಾರದ ಮೇಜು. ಅತ್ತಿಗೆಗೆ ಬಾಗಿಲ ಪಕ್ಕದ ತುದಿಯ ಕುರ್ಚಿ. ಅವಳ ಪಕ್ಕದ ಎರಡು ಕುರ್ಚಿ ಯಾವಾಗಲೂ ಖಾಲಿ. ಕೆಲಸ ಮುಗಿಸಿ, ಬಾವಿಯ ಹತ್ತಿರ ಮೂರು ಸಲ ಸೋಪು ಹಚ್ಚಿ ತೊಳೆದುಕೊಂಡು, ಒಗೆದ ಬಟ್ಟೆ ಉಟ್ಟೇ ಹೋಗುತ್ತಿದ್ದಳು. ಆದರೆ ತೊಗಲಿನ ವಾಸನೆ ಚರ್ಮದ ಮೇಲಿರುವುದಿಲ್ಲ, ಒಳಗಿರುತ್ತದೆ. ಬೆವರಿದರೆ ಹೊರಗೆ ಬರುತ್ತದೆ. ಮೊದಲ ಸಭೆ ಶುರುವಾದ ಐದು ನಿಮಿಷಕ್ಕೆ ಅಧ್ಯಕ್ಷ ಮೂಗು ಹಿಡಿದು, ಅವಳ ತಲೆಯ ಮೇಲಿನ ಫ್ಯಾನು ಆರಿಸಲು ಹೇಳಿದ. ಅದು ತಿರುಗಿದರೆ ವಾಸನೆ ಎಲ್ಲರಿಗೂ ಹಂಚಿಕೆಯಾಗುತ್ತದಂತೆ. ಅಂದಿನಿಂದ ಆ ಫ್ಯಾನು ತಿರುಗಲಿಲ್ಲ. ಅವಳು ಇನ್ನಷ್ಟು ಬೆವರಿದಳು.

ಗುಮಾಸ್ತ ಕಾಗದಗಳನ್ನು ಎಲ್ಲರಿಗೂ ಕೈಯಲ್ಲಿ ಕೊಡುತ್ತಿದ್ದ. ಅವಳಿಗೆ ಮಾತ್ರ ಮೇಜಿನ ಮೇಲಿಟ್ಟು ಮರದ ಸ್ಕೇಲಿನಿಂದ ತಳ್ಳುತ್ತಿದ್ದ. ಕೆಟ್ಟ ಮನುಷ್ಯನಲ್ಲ. ತಳ್ಳುವಾಗ "ಅಮ್ಮಾ" ಅನ್ನುತ್ತಿದ್ದ.

ಮೊದಲ ದಿನ ಹೆಬ್ಬೆಟ್ಟು ಒತ್ತಿಸಿದರು. ಸುಣ್ಣ ಬೆರಳಿನ ಗೆರೆಗಳನ್ನು ಎಂದೋ ತಿಂದುಹಾಕಿತ್ತು. ಕಾಗದದ ಮೇಲೆ ನುಣ್ಣನೆಯ ಕಪ್ಪು ಮಚ್ಚೆಯಷ್ಟೇ ಮೂಡಿತು. ಅಧ್ಯಕ್ಷ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ಏನ್ರೀ ಇದು, ಹೆಬ್ಬೆಟ್ಟಾ? ನೊಣ ಹೇತಂಗಿದೆ!"

ಸಭೆ ಮುಗಿದ ಮೇಲೆ ಗುಮಾಸ್ತ ಪಿಸುಗುಟ್ಟಿದ. "ಗೆರೆ ಇಲ್ಲದ ಹೆಬ್ಬೆಟ್ಟು ನಡೆಯಲ್ಲ ಅಮ್ಮಾ. ಅಕ್ಷರ ಕಲಿತುಬಿಡಿ."

ಅವನೇ ಕಲಿಸಿದ, ಪ್ರತಿ ಸಭೆಯ ನಂತರ ಕಾಲು ಗಂಟೆ, ಸ್ಕೇಲಿನ ತುದಿಯಿಂದ ತೋರಿಸಿ. ಉಳಿದದ್ದನ್ನು ಅವಳು ಕೆಲಸದಲ್ಲಿ ಕಲಿತಳು. ಹೆರೆದು ಮುಗಿದ ತೊಗಲಿನ ಒಳಮೈಯ ಮೇಲೆ ಬೆರಳಿನಿಂದ ಒತ್ತಿ ಬರೆದರೆ ಗೆರೆ ಒಂದು ಗಳಿಗೆ ನಿಂತು ಮಾಯವಾಗುತ್ತದೆ. ಅಷ್ಟರಲ್ಲಿ ಓದಬೇಕು. ಬಾಲದ ಕಡೆ ನಿಂತ ನನಗೆ ಎಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ಒಂದು ವರ್ಷ ಎರಡು ತಿಂಗಳಾಯಿತು. ಆ ಹೊತ್ತಿಗೆ ಅವಳು ನಿಧಾನವಾಗಿ, ದಪ್ಪದಪ್ಪಗೆ, ಬೇಕಾದ್ದನ್ನು ಬರೆಯುತ್ತಿದ್ದಳು. ದ, ಡ ಮಾತ್ರ ಕೊನೆಯವರೆಗೂ ಗೊಂದಲ.

ನಲ್ಲಿಯನ್ನು ಎಂಟು ಸಲ ಕೇಳಿದಳು. ಎಂಟು ಸಲವೂ "ಪರಿಶೀಲಿಸೋಣ" ಎಂದರು. ಒಂದು ಸಲ ಬಟ್ಟೆ ಅಂಗಡಿಯ ಸದಸ್ಯ, "ನಿಮಗ್ಯಾಕಮ್ಮ ನಲ್ಲಿ? ತೊಳೆದ್ರೆ ಹೋಗೋದಾದ್ರೆ ಸರಿ," ಎಂದನಂತೆ. ಅವಳು ಮನೆಗೆ ಬಂದು ಅದನ್ನು ಹೇಳಿದಾಗ ಅವ್ವ ಕೈಯಲ್ಲಿದ್ದ ತಟ್ಟೆ ಕುಕ್ಕಿದಳು.

"ಬಿಡೇ ಆ ಹಾಳು ಕುರ್ಚಿನ! ಉಗಿಸಿಕೊಳ್ಳೋಕೆ ಮೇಸ್ತ್ರಿ ಸಾಲದಾ, ಊರವರೆಲ್ಲ ಬೇಕಾ?"

"ಅತ್ತೆ, ಮೇಸ್ತ್ರಿ ಉಗಿದ್ರೆ ಅಲ್ಲೇ ಒಣಗತ್ತೆ. ಇವರು ಉಗಿದದ್ದನ್ನ ಪುಸ್ತಕದಲ್ಲಿ ಬರೀತಾರೆ. ಯಾವತ್ತೋ ಒಂದಿನ ಯಾರಾದ್ರೂ ಓದ್ತಾರೆ," ಎಂದಳು ಅತ್ತಿಗೆ.

ಎರಡನೇ ವರ್ಷ ಚರಂಡಿಯ ವಿಷಯ ಬಂತು. ಕಾರ್ಖಾನೆಯ ಕೊಳೆನೀರು ಇಟ್ಟಿಗೆಯ ಚರಂಡಿಯಲ್ಲಿ ಊರ ಹಿಂದಿನಿಂದ ಹಾದು ಹೊಳೆಗೆ ಹೋಗುತ್ತಿತ್ತು. ಚರಂಡಿಯ ಪಕ್ಕದಲ್ಲಿ ಈಗ ಅಧ್ಯಕ್ಷನ ಅಳಿಯ ಮನೆಗಳನ್ನು ಕಟ್ಟಿಸುತ್ತಿದ್ದ. ವಾಸನೆಗೆ ಯಾರೂ ಕೊಳ್ಳಲಿಲ್ಲ. ಹಾಗಾಗಿ ನೀರನ್ನು ನಮ್ಮ ಕೇರಿಯ ಹಿಂದಿನ ಹಳೆಯ ಗುಂಡಿಗೆ ತಿರುಗಿಸುವುದೆಂದು ಮಾತಾಯಿತು. ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ ಅದು. ಅದಕ್ಕೂ ನಮ್ಮ ಬಾವಿಗೂ ನಡುವೆ ನಲವತ್ತು ಹೆಜ್ಜೆ, ನಾನೇ ನಡೆದು ಎಣಿಸಿದ್ದೇನೆ. ಗುಂಡಿ ಎತ್ತರದಲ್ಲಿದೆ, ಬಾವಿ ತಗ್ಗಿನಲ್ಲಿದೆ. ಕೇರಿಯ ಅರವತ್ತು ಮನೆಗೆ ಬೇರೆ ನೀರಿಲ್ಲ.

ಆ ನೀರು ಎಂಥದ್ದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಣ್ಣ ಸತ್ತದ್ದು ಕಾರ್ಖಾನೆಯೊಳಗಿನ ಅದೇ ಕೊಳೆನೀರಿನ ತೊಟ್ಟಿಯಲ್ಲಿ. ನೀರು ಹೊರಹೋಗುವ ಬಾಯಿ ಕಟ್ಟಿಕೊಂಡಿತ್ತು, ಬಿಡಿಸಲು ಅವನನ್ನು ಇಳಿಸಿದ್ದರು. ಮೇಲೆ ನಿಂತವರಿಗೆ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿತ್ತು. "ಒಳಗೆ ವಾಸನೆ ಇಲ್ಲ ಕಣ್ರೋ, ಆರಾಮಿದೆ," ಎಂದು ಅವನು ಕೂಗಿದ. ಅದು ಅವನ ಕೊನೆಯ ಮಾತು. ಆ ಗಾಳಿ ಹೆಚ್ಚಾದಾಗ ಮೊದಲು ಮೂಗನ್ನು ಕೊಲ್ಲುತ್ತದೆ. ವಾಸನೆ ನಿಂತಿತೆಂದರೆ ಓಡಬೇಕು. ಇದು ನಮಗೆ ಗೊತ್ತಾದದ್ದು ಅವನಿಂದ.

ಗುಮಾಸ್ತ ಅತ್ತಿಗೆಗೆ ಮೊದಲೇ ಹೇಳಿದ್ದ: "ಒಂದು ಭಾಗದ ನೆಲ ಮುಟ್ಟಬೇಕಾದ್ರೆ ಆ ಭಾಗದ ಸದಸ್ಯರು ಒಪ್ಪಬೇಕು ಅಮ್ಮಾ. ಕಾನೂನಿದೆ. ನೀವು ಬೇಡ ಅಂದ್ರೆ ಮೇಲಿನ ಕಚೇರಿಯವರು ಬಂದು ನೋಡ್ಲೇಬೇಕು."

ಆ ದಿನ ಸಭೆಗೆ ಹೊರಡುವಾಗ ಅವಳು ನಾಲ್ಕನೇ ಸಲವೂ ಸೋಪು ಹಚ್ಚಿಕೊಂಡಳು. ವಾಪಸು ಬರುವಾಗ ಓಡಿ ಬಂದಳು. ನಾವೆಲ್ಲ ಬಾವಿಕಟ್ಟೆಯ ಹತ್ತಿರ ಕಾಯುತ್ತಿದ್ದೆವು.

"ನಿಲ್ಲಿಸಿದೆ ಕಣ್ರೇ!"

"ಏನಂದೇ? ಬೈದ್ರಾ?" ಎಂದಳು ಅವ್ವ.

"ಬಾಯೇ ತೆಗೀಲಿಲ್ಲ ಅತ್ತೆ. ಅಧ್ಯಕ್ಷ ಅದೇನೋ ಪುಸ್ತಕದ ಮಾತು ಗಡಗಡ ಓದಿದ. ನಂಗೆ ಚರಂಡಿ ಅನ್ನೋದೊಂದು ಕೇಳಿಸ್ತು, ನಮ್ಮ ಕೇರಿ ಅನ್ನೋದೊಂದು. ಅಷ್ಟೆ ಸಾಕು ಅಂತ ಎದ್ದು ನಿಂತು ಕೈ ಎತ್ತಿಬಿಟ್ಟೆ, ಹಿಂಗೆ!" ಅಂಗೈ ಅಗಲಿಸಿ ತೋರಿಸಿದಳು.

"ಆಮೇಲೆ?"

"ಆಮೇಲೇನು, ನಾನೆತ್ತಿದ್ದೇ ತಡ, ಒಬ್ಬೊಬ್ಬರೂ ಎತ್ತಿದ್ರು! ಆ ಬಟ್ಟೆ ಅಂಗಡಿಯವನೂ ಎತ್ತಿದ. ಅಧ್ಯಕ್ಷನೂ ಎತ್ತಿದ ಕಣೇ ತಂಗಿ! ಒಬ್ಬನೂ ಬಿಡಲಿಲ್ಲ. 'ಭೇಷ್ ಅಮ್ಮಾ' ಅಂದ."

ಮುದುಕಿ ಅವಳ ಕೆನ್ನೆ ಸವರಿದಳು. "ಗಂಡಸರೂ ಒಂದೊಂದ್ಸಲ ಮನುಷ್ಯರಾಗ್ತಾರೆ ನೋಡು," ಎಂದಳು. ನಾವು ಅದನ್ನು ನಂಬಿದೆವು. ಅನುಮಾನ ಪಡುವುದಕ್ಕೆ ಅದರಲ್ಲಿ ನಮಗೆ ಏನೂ ಕಾಣಲಿಲ್ಲ. ಒಬ್ಬಳು ಕೈ ಎತ್ತಿದ್ದಳು, ಕಂಡವರೆಲ್ಲ ಎತ್ತಿದ್ದರು.

ಹನ್ನೊಂದನೆಯ ದಿನ ಗುಂಡಿಯ ಹತ್ತಿರ ನಾಲ್ಕು ಜನ ಗೂಟ ಹೊಡೆಯುತ್ತಿದ್ದರು. ಸುದ್ದಿ ಬಂದೊಡನೆ ಅತ್ತಿಗೆ ಬಾಗುಕತ್ತಿಯನ್ನು ಕೆಳಗಿಡದೆ ಹಾಗೇ ಓಡಿದಳು. ನಾನು ಹಿಂದೆ.

"ಯಾರೋ ನಿಮ್ಮನ್ನ ಕಳಿಸಿದ್ದು? ಕೀಳ್ರೋ ಗೂಟ! ಸಭೇಲಿ ನಿಲ್ಸಿ ಆಗಿದೆ."

ಅಳತೆಯವನು ಕತ್ತಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಜೇಬಿನಿಂದ ಕಾಗದ ತೆಗೆದು ಓದಿದ. ಕೊಳೆನೀರನ್ನು ಗುಂಡಿಗೆ ತಿರುಗಿಸುವುದೆಂದು ಸಭೆ ಸರ್ವಾನುಮತದಿಂದ ತೀರ್ಮಾನಿಸಿದೆ. ಆ ಭಾಗದ ಸದಸ್ಯೆ ಎಲ್ಲರಿಗಿಂತ ಮೊದಲು ಎದ್ದುನಿಂತು ಒಪ್ಪಿಗೆ ಸೂಚಿಸಿದ್ದಾರೆ. ಸಭೆ ಅವರನ್ನು ಅಭಿನಂದಿಸಿದೆ.

"ಸುಳ್ಳು," ಎಂದಳು ಅತ್ತಿಗೆ.

"ನೀವೇ ಅಲ್ವೇನಮ್ಮ ಆ ಸದಸ್ಯೆ? ಕತ್ತಿ ಕೆಳಗಿಡಿ ಮೊದಲು."

ಪುರಸಭೆಯ ಹಿಂಬಾಗಿಲಲ್ಲಿ ಗುಮಾಸ್ತ ಸಿಕ್ಕಿದ. ಅವನ ಮುಖದಲ್ಲಿ ಕೋಪವಿತ್ತು. ಎರಡು ವರ್ಷದಲ್ಲಿ ನಾನು ಕಂಡ ಮೊದಲ ಕೋಪ ಅದು.

"ಅಷ್ಟು ಹೇಳಿದ್ನಲ್ಲ ಅಮ್ಮಾ! ಬೇಡ ಅನ್ನಿ ಅಂತ. ಹೋಗಿ ಹೋಗಿ ಎಲ್ಲರಿಗಿಂತ ಮುಂಚೆ ಕೈ ಎತ್ತೋದಾ?"

"ಎತ್ತಿದ್ನಲ್ಲ! ಬೇಡ ಅಂತಾನೇ ಎತ್ತಿದ್ದು!"

"ಕೈ ಎತ್ತಿದ್ರೆ ಬೇಕು ಅಂತ."

"ಯಾವ ಊರಲ್ಲಿ?" ಎಂದೆ ನಾನು. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಅವನು ನಮ್ಮಿಬ್ಬರನ್ನೂ ನೋಡಿದ. ಆಗ ಅವನಿಗೆ ಹೊಳೆಯಿತು. ಆಮೇಲೆ ಮಗುವಿಗೆ ಹೇಳುವಂತೆ ಹೇಳಿದ: ಅಧ್ಯಕ್ಷರು 'ಪರವಾಗಿರುವವರು' ಅಂದಾಗ ಎತ್ತಿದರೆ ಹೂಂ ಅಂತ, 'ವಿರೋಧ ಇರುವವರು' ಅಂದಾಗ ಎತ್ತಿದರೆ ಊಹೂಂ ಅಂತ. ಎಲ್ಲ ಕಡೆಯೂ ಹಾಗೇ. ಎಲ್ಲ ದೇಶದಲ್ಲೂ. ಅಲ್ಲಿಯವರೆಗೆ ಸಭೆಯಲ್ಲಿ ಎಲ್ಲವನ್ನೂ ಮೇಜು ತಟ್ಟಿ ಮುಗಿಸಿದ್ದರು; ನೆಲದ ವಿಷಯಕ್ಕೆ ಮಾತ್ರ ಕೈ ಎಣಿಸಬೇಕಂತೆ.

ಅತ್ತಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ಅವರೆಲ್ಲ ನನ್ನ ನೋಡಿ ಎತ್ತಿದ್ರು," ಎಂದಳು. ಮತ್ತೆ ಅದನ್ನೇ ಹೇಳಿದಳು.

ಗುಮಾಸ್ತ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಕೇಳಿ. ಮುಂದಿನ ಸಭೇಲಿ ಈ ನಡಾವಳಿ ಓದಿ ಎಲ್ಲರೂ ಸಹಿ ಹಾಕ್ಬೇಕು. ಹಾಕಿದ ಮೇಲೇನೇ ಅದು ಗಟ್ಟಿ. ನೀವು ಬಾಯಲ್ಲಿ ಏನು ಹೇಳಿದ್ರೂ ಅಧ್ಯಕ್ಷರು ಬರ್ಕೋಬೇಡ ಅಂದ್ರೆ ನಾನು ಬರೆಯೋ ಹಾಗಿಲ್ಲ. ಆದ್ರೆ ನಿಮ್ಮ ಕೈಯಲ್ಲೇ ಪುಸ್ತಕದಲ್ಲಿ ಆಕ್ಷೇಪಣೆ ಬರೆದ್ರೆ ಅದನ್ನ ಯಾರೂ ಹರಿಯೋ ಹಾಗಿಲ್ಲ. ಪುಟಕ್ಕೆಲ್ಲ ನಂಬರಿದೆ, ಮೊಹರಿದೆ. ನಾನು ಹೇಳ್ದೆ ಅಂತ ಮಾತ್ರ ಎಲ್ಲೂ ಹೇಳ್ಬೇಡಿ. ನಂಗೆ ಮೂರು ಹೆಣ್ಣುಮಕ್ಕಳು."

ಕೇರಿಗೆ ಇದನ್ನು ವಿವರಿಸುವ ಕೆಲಸ ನನ್ನದಾಯಿತು. ಯಾರೂ ನಂಬಲಿಲ್ಲ. ಕೈ ಎತ್ತಿದರೆ ಹೂಂ ಅಂತ ಅರ್ಥವೇ? ಇಂಥ ಹಸಿ ಸುಳ್ಳನ್ನು ನಂಬಲು ನಾವೇನು ಮಣ್ಣು ತಿನ್ನುತ್ತೇವೆಯೇ? ಸುಣ್ಣದಕ್ಕ ಸಾಹುಕಾರನ ಹತ್ತಿರ ಏನೋ ತಿಂದು ಹೂಂ ಅಂದಿದ್ದಾಳೆ; ಈಗ ನಾದಿನಿ ಕಥೆ ಕಟ್ಟುತ್ತಿದ್ದಾಳೆ. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಒಂದು ಬಕೆಟ್ಟು ಹೆರೆದ ಮಾಂಸ ಸುರಿದಿತ್ತು. ಎರಡು ದಿನದ ಹಿಂದಿನದು, ಬೆಳ್ಳಗೆ ಮಿಸುಕುತ್ತಿತ್ತು. ಅತ್ತಿಗೆ ಅದನ್ನು ಬರಿಗೈಯಲ್ಲಿ ಬಾಚಿ, ಪಕ್ಕದಲ್ಲೇ ಬಿದ್ದಿದ್ದ ಬಕೆಟ್ಟಿಗೆ ತುಂಬಿದಳು. ಬಕೆಟ್ಟು ಮುದುಕಿಯ ಮನೆಯದೆಂದು ಹಿಡಿಕೆಗೆ ಸುತ್ತಿದ ತಂತಿ ನೋಡಿದರೆ ಗೊತ್ತಾಗುತ್ತಿತ್ತು. ತೊಳೆದು ಅವರ ಬಾಗಿಲಲ್ಲೇ ಇಟ್ಟು ಬಂದಳು.

ಸಭೆಗೆ ಮೂರು ದಿನ ಇರುವಾಗ ಸಾಹುಕಾರ ಮತ್ತೆ ಗೇಟಿಗೆ ಕರೆಸಿದ. ಗಾಜಿನ ಸಂದಿಯಿಂದ ಒಂದು ಪೊಟ್ಟಣ ಹೊರಗೆ ಬಿತ್ತು.

"ಎತ್ಕೋ. ಸೋಪು. ನಮ್ಮ ಮನೆಯವಳು ಹಾಕ್ಕೊಳ್ಳೋದೇ ಅದು. ಚೆನ್ನಾಗಿ ತಿಕ್ಕೊಂಡು ಹೋಗಿ ಸಹಿ ಹಾಕು. ಅಧ್ಯಕ್ಷರಿಗೆ ತುಂಬಾ ಖುಷಿಯಾಗಿದೆ."

"ಸ್ವಾಮಿ, ಅದು ತಪ್ಪಾಗಿದೆ. ನಾನು ಹಾಕಲ್ಲ."

"ಏನು?"

"ಅರವತ್ತು ಮನೆ ಕುಡಿಯೋ ಬಾವಿ ಸ್ವಾಮಿ ಅದು."

ಗಾಜು ಮೊದಲ ಸಲ ಪೂರ್ತಿ ಇಳಿಯಿತು. ಸಾಹುಕಾರನ ಇಡೀ ಮುಖವನ್ನು ನಾನು ಕಂಡದ್ದು ಅಂದೇ. ನುಣ್ಣಗೆ, ಬೆಳ್ಳಗೆ, ಹದ ಮಾಡಿದ ತೊಗಲಿನ ಹಾಗಿತ್ತು.

"ಕೇಳೇ ಹಲ್ಕಟ್ ಮುಂಡೆ. ನಿನ್ನ ಗಂಡ ಕೊಳೇಲಿ ಬಿದ್ದು ಸತ್ತ. ಎತ್ತಿಸಿ ಹೂಳಿಸಿದ್ದು ಯಾರು? ಹೇಲಿನಲ್ಲಿ ಹೊರಳೋ ಹಂದೀನ ಎತ್ತಿ ಕುರ್ಚೀಲಿ ಕೂರಿಸಿದೆ, ಅದಕ್ಕೀಗ ಬಾವಿ ನೀರು ಬೇಕಂತೆ! ಸಹಿ ಬೀಳಲಿಲ್ಲ ಅಂದ್ರೆ ಹೆರೆಯೋ ಹೆಂಗಸರು ಅಷ್ಟೂ ಜನ ಮರುದಿನದಿಂದ ಗೇಟಿನ ಹೊರಗೆ. ನಿನ್ನ ಅತ್ತೆ, ನಾದಿನಿ ಸೇರಿ. ಹೋಗು, ಆ ಸೋಪು ಎತ್ಕೊಂಡು ಹೋಗು."

ಎತ್ತಿಕೊಳ್ಳದೆ ಬಂದೆವು.

ಅಂದು ಸಂಜೆ ಅವಳು ಹೆರೆಯುವ ಹೆಂಗಸರ ಮನೆಮನೆಗೆ ಹೋಗಿ ಸಾಹುಕಾರ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಯಾರನ್ನೂ ಏನೂ ಬೇಡಲಿಲ್ಲ. ಕೆಲವರು ಬಾಗಿಲು ಹಾಕಿಕೊಂಡರು. ಮುದುಕಿ ಬಾಗಿಲಿಗೆ ಬಂದು ನಿಂತಳು.

"ಸೂಳೆಮಗ ಅಷ್ಟೊಂದು ಹೆದರಿಸ್ತಾನೆ ಅಂದ್ರೆ, ನೀನು ಹೂಂ ಅಂದಿಲ್ಲ ಅಂತಾಯ್ತು."

"ಅಂದಿಲ್ಲ ಅಜ್ಜಿ."

"ಮತ್ತೆ ಬಕೆಟ್ ಯಾಕೆ ತೊಳ್ದೆ? ನನ್ನ ಮುಖಕ್ಕೆ ಎರಚ್ಬೇಕಿತ್ತು."

ಸಭೆಯ ದಿನ ನಾವು ಹೆರೆಯುವ ಹೆಂಗಸರು ಹದಿಮೂರು ಜನ ಹೋದೆವು. ಜಗಲಿಯಲ್ಲಿ ನಿಂತು ಕಿಟಕಿಯಿಂದ ನೋಡಲು ಯಾರಿಗೂ ಅಡ್ಡಿಯಿಲ್ಲ, ಅದೂ ಕಾನೂನಂತೆ. ಕಾವಲಿನವನು ನಮ್ಮನ್ನು ಗಾಳಿ ಒಳಗೆ ಬೀಸದ ಕಡೆಯ ಕಿಟಕಿಗೆ ಅಟ್ಟಿದ.

ಗುಮಾಸ್ತ ಹಿಂದಿನ ನಡಾವಳಿ ಓದಿದ. ದಪ್ಪ ಪುಸ್ತಕ ಲಾಳದ ಒಂದು ತುದಿಯಿಂದ ಹೊರಟಿತು. ಹತ್ತೊಂಬತ್ತು ಜನ ಸಹಿ ಹಾಕಿದರು. ಇಬ್ಬರು ಓದದೆ, ಉಳಿದವರು ಓದಿದಂತೆ ಮಾಡಿ. ಕೊನೆಯಲ್ಲಿ ಸ್ಕೇಲು ಅದನ್ನು ಅತ್ತಿಗೆಯ ಮುಂದಕ್ಕೆ ತಳ್ಳಿತು.

"ಹಾಕಮ್ಮ ಬೇಗ," ಎಂದ ಅಧ್ಯಕ್ಷ. "ಎಲ್ಲರಿಗೂ ಉಸಿರಾಡ್ಬೇಕು."

"ನಾನು ಒಪ್ಪಿಲ್ಲ ಸ್ವಾಮಿ."

"ಒಪ್ಪಿಲ್ವಾ? ಎಲ್ಲರಿಗಿಂತ ಮುಂಚೆ ಎದ್ದು ನಿಂತು ಕೈ ಎತ್ತಿದ್ದು ಯಾರು, ನಮ್ಮಜ್ಜೀನಾ?"

"ನಾನೇ. ನಿಲ್ಲಿಸಿ ಅಂತ ಎತ್ತಿದ್ದು. ನಮ್ಮ ಕಾರ್ಖಾನೇಲಿ ಕೈ ಎತ್ತಿದ್ರೆ ಯಂತ್ರ ನಿಲ್ಲಿಸ್ತಾರೆ. ಮಾತು ಕೇಳಿಸಲ್ಲ ಅಲ್ಲಿ."

ಮೊದಲು ಅರ್ಥವಾದದ್ದು ಬಟ್ಟೆ ಅಂಗಡಿಯವನಿಗೆ. ಅವನು ಮೇಜು ಬಡಿದು ನಗತೊಡಗಿದ. ಅದು ಒಬ್ಬರಿಂದೊಬ್ಬರಿಗೆ ಹಬ್ಬಿ, ಅಧ್ಯಕ್ಷನ ಕಣ್ಣಲ್ಲಿ ನೀರು ಬಂತು.

"ಅಯ್ಯೋ ದೇವ್ರೇ! ಹಂಗಾದ್ರೆ ಸುಣ್ಣ ಬೇಕು ಅಂದ್ರೆ?"

ಅತ್ತಿಗೆ ಮುಷ್ಟಿ ಕಟ್ಟಿ ಕೆಳಗೆ ಎಳೆದಳು. ಅವರು ತಿಳಿದುಕೊಳ್ಳಲು ಕೇಳುತ್ತಿದ್ದಾರೆಂದು ಅವಳು ನಂಬಿದ್ದಳು; ಅವಳ ಮುಖದಲ್ಲಿ ಅದು ಕಾಣುತ್ತಿತ್ತು.

"ಹಸಿವಾದ್ರೆ?"

ಎರಡು ಬೆರಳು ಹೊಟ್ಟೆಗೆ ತಟ್ಟಿದಳು.

"ಉಚ್ಚೆಗೆ?" ಎಂದ ಬಟ್ಟೆ ಅಂಗಡಿಯವನು.

ಕಿರುಬೆರಳು ಎತ್ತಿದಳು. ಕೋಣೆ ಬಿದ್ದುಬಿದ್ದು ನಕ್ಕಿತು.

"ಮತ್ತೆ ಗಂಡ ಬೇಕು ಅಂದ್ರೆ? ಆಂ? ಅದಕ್ಕೆ ಯಾವ ಬೆರಳು?" ಎಂದ ಮತ್ತೆ ಅವನೇ.

ಅವಳ ಕಿರುಬೆರಳು ಗಾಳಿಯಲ್ಲೇ ನಿಂತಿತು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ಕಿಟಕಿಯ ಹೊರಗೆ ಅವ್ವ ನನ್ನ ತೋಳನ್ನು ಉಗುರು ನೆಡುವಂತೆ ಹಿಡಿದಿದ್ದಳು. ಅತ್ತಿಗೆ ಕೈ ಇಳಿಸಿದಳು. ಕೂತಳು. ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನು ಹಿಡಿದಳು.

"ಹಾಂ, ಅದು ಬುದ್ಧಿ," ಎಂದ ಅಧ್ಯಕ್ಷ, ಕಣ್ಣೊರೆಸಿಕೊಂಡು. "ಚಹಾ ತರಿಸ್ರೀ."

ಚಹಾ ಬಂತು. ಕಪ್ಪುಗಳು ಹಂಚಿ ಮುಗಿದವು. ಅವಳ ಮುಂದೆ ಕಪ್ಪು ಇಡಲಿಲ್ಲ, ಎಂದೂ ಇಡುತ್ತಿರಲಿಲ್ಲ. ಪೆನ್ನು ಇನ್ನೂ ಓಡುತ್ತಿತ್ತು.

"ಸಹಿ ಅಷ್ಟುದ್ದ ಇದ್ಯೇನ್ರೀ ಅವಳದ್ದು?"

ಗುಮಾಸ್ತ ಕತ್ತು ಚಾಚಿ ನೋಡಿದ. ಅವಳು ತನ್ನ ಸಾಲಿನಿಂದ ಹೊರಟು, ಹತ್ತೊಂಬತ್ತು ಸಹಿಗಳ ಮೇಲೆಯೇ ಅಡ್ಡಡ್ಡ ಬರೆಯುತ್ತಾ ಹೋಗಿದ್ದಳು. ಅಕ್ಷರ ಒಂದೊಂದೂ ಹೆಬ್ಬೆಟ್ಟಿನಷ್ಟು ದಪ್ಪ.

"ಓದ್ರೀ, ಏನು ಬರೀತಿದಾಳೆ?"

"'ನಾನು ಕೈ ಎತ್ತಿದ್ದು ಬೇಡ ಅಂತ,'" ಗುಮಾಸ್ತ ಓದಿದ. ಅವನ ದನಿ ಬತ್ತಿತ್ತು. "'ಗುಂಡಿಯಿಂದ ಬಾವಿಗೆ ನಲವತ್ತು ಹೆಜ್ಜೆ. ಆ ನೀರಲ್ಲಿ ನನ್ನ ಗಂಡ...' ಇನ್ನೂ ಬರೀತಿದಾರೆ ಸಾರ್."

"ಕಿತ್ಕೊಳ್ರೀ ಪುಸ್ತಕ!"

ಅವಳ ಎಡಗೈ ಪುಸ್ತಕದ ಮೇಲೆ ಅಗಲವಾಗಿ ಊರಿಕೊಂಡಿತ್ತು. ಗುಮಾಸ್ತ ಸ್ಕೇಲಿನಿಂದ ಅದನ್ನು ಬದಿಗೆ ತಳ್ಳಲು ನೋಡಿದ. ಸ್ಕೇಲು ಜಾರಿತು. ಅದರ ತುದಿಗೆ ಬೆವರಿನ ಹಳದಿ ಪಸೆ ಅಂಟಿಕೊಂಡಿತು. ಅವನು ಅದನ್ನು ನೋಡಿ, ಮೆಲ್ಲಗೆ ನೆಲದ ಮೇಲೆ ಇಟ್ಟುಬಿಟ್ಟ.

"ಯಾರಾದ್ರೂ ಹಿಡೀರಿ ಅವಳ ಕೈನ!" ಅಧ್ಯಕ್ಷ ಎದ್ದು ನಿಂತಿದ್ದ. ಮೇಜಿನ ಆ ಬದಿಯಲ್ಲೇ ನಿಂತಿದ್ದ.

"ನೀವು ಹತ್ರ ಇದೀರಲ್ಲ, ಹಿಡೀರಿ," ಎಂದ ಒಬ್ಬ ಸದಸ್ಯ ಬಟ್ಟೆ ಅಂಗಡಿಯವನಿಗೆ.

"ನಾನಾ? ಈಗ ತಾನೇ ಊಟ ಮಾಡಿ ಬಂದಿದೀನಿ ಮಾರಾಯ!"

"ಜವಾನ ಎಲ್ಲಿ? ಏ ಜವಾನ!"

"ಕಪ್ಪು ತೊಳೀಬೇಕು ಸಾರ್," ಎಂದ ಬಾಗಿಲಲ್ಲಿದ್ದ ಜವಾನ. "ಆ ಕೈಯಲ್ಲೇ ನಿಮ್ಮ ಕಪ್ಪು ತೊಳೀಲಾ?"

ಹತ್ತೊಂಬತ್ತು ಗಂಡಸರು ನಿಂತು ಕೂಗುತ್ತಿದ್ದರು. ಪೋಲೀಸರನ್ನು ಕರೆಸುತ್ತೇವೆ, ಜೈಲಿಗೆ ಹಾಕಿಸುತ್ತೇವೆ, ಕೇರಿಗೆ ಬೆಂಕಿ ಇಡುತ್ತೇವೆ. ಯಾರೂ ಮೇಜು ದಾಟಿ ಈಚೆಗೆ ಬರಲಿಲ್ಲ. ಅವಳ ಪಕ್ಕದ ಎರಡು ಕುರ್ಚಿಗಳು ಖಾಲಿ ಇದ್ದವು.

ಅವಳು ಪೆನ್ನು ನಿಲ್ಲಿಸಿ ತಲೆ ಎತ್ತಿದಳು. ಕೂಗು ಒಂದಿಷ್ಟು ತಗ್ಗಿತು, ಮುಗಿಯಿತೇನೋ ಎಂದುಕೊಂಡರು.

"ಸಾರ್," ಎಂದಳು ಗುಮಾಸ್ತನ ಕಡೆ ತಿರುಗಿ, "'ಕುಡಿಯೋಕೆ' ಅನ್ನೋದಕ್ಕೆ ದನದ ದ-ನಾ, ಡಬ್ಬಿಯ ಡ-ನಾ?"

ಗುಮಾಸ್ತ ಅಧ್ಯಕ್ಷನ ಮುಖ ನೋಡಿದ. ನೆಲದ ಮೇಲಿನ ಸ್ಕೇಲು ನೋಡಿದ.

"ಡಬ್ಬಿಯ ಡ," ಎಂದ, ತನಗೇ ಹೇಳಿಕೊಂಡಂತೆ.

ಅವಳು ಬರೆದಳು. ಹಾಳೆ ತುಂಬಿತು. ಬಲಗೈಯ ತೋರುಬೆರಳನ್ನು, ಉಗುರು ಅರ್ಧ ಕರಗಿ ಸಂದಿಯಲ್ಲಿ ಬೆಳ್ಳನೆಯ ಸುಣ್ಣ ಕೂತ ಆ ಬೆರಳನ್ನು, ಗೆಣ್ಣಿನವರೆಗೆ ಬಾಯೊಳಗೆ ಹಾಕಿ ನಿಧಾನವಾಗಿ ನೆಕ್ಕಿದಳು. ಮೇಜಿನ ಆಚೆ ಬಟ್ಟೆ ಅಂಗಡಿಯವನು ಕರವಸ್ತ್ರ ಬಾಯಿಗೊತ್ತಿಕೊಂಡು ಕಿಟಕಿಯ ಕಡೆಗೆ ಓಡಿ ಬಂದ. ನಾವು ಹದಿಮೂರು ಜನ ಜರುಗಿ ಅವನಿಗೆ ಜಾಗ ಬಿಟ್ಟೆವು. ಅವನು ಜಗಲಿಯ ಮೇಲೆ ಕಾರಿಕೊಳ್ಳುತ್ತಿದ್ದಾಗ, ಒಳಗೆ ಅತ್ತಿಗೆ ಒದ್ದೆ ಬೆರಳನ್ನು ಹಾಳೆಯ ಮೂಲೆಗೆ ಒತ್ತಿ ಪುಟ ತಿರುವಿದಳು.